ನೀರಿನ ಆಫೀಸಿನ ಕಿವಿಯೂಟ

ನೀರು ಸರಬರಾಜು ಕಚೇರಿಯಲ್ಲಿ ಅವಳಿಗೆ ನಕ್ಷೆಯಕ್ಕ ಎಂದೇ ಹೆಸರು. ಯಾವ ಬೀದಿಯ ಕೆಳಗೆ ಯಾವ ಪೈಪು ಮಲಗಿದೆ, ಎಲ್ಲಿ ಅದು ಹೊರಳಿದೆ, ಎಲ್ಲಿ ಇನ್ನೊಂದನ್ನು ಕೂಡಿಕೊಂಡಿದೆ ಎಂಬುದನ್ನು ದೊಡ್ಡ ಹಾಳೆಗಳ ಮೇಲೆ ಗೆರೆ ಎಳೆದು ತೋರಿಸುವುದು ಅವಳ ಕೆಲಸ. ಕೈ ಬಹಳ ಹದ್ದುಬಸ್ತಿನದು, ಬಾಯಿಗೆ ಮಾತ್ರ ಅಂಕೆಯಿಲ್ಲ. ಗೆರೆ ಎಳೆಯುವಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು. ಗೆರೆ ಮುಗಿಯಿತೋ, ಹಿಡಿದಿಟ್ಟದ್ದೆಲ್ಲ ಮಾತಾಗಿ ಹೊರಬೀಳುತ್ತಿತ್ತು. ಪಕ್ಕದ ಕೋಣೆಯ ಟೈಪಿಸ್ಟ್ ಆ ಮಾತಿನ ಮಳೆಯಲ್ಲೇ ಪತ್ರ ಹೊಡೆಯುವುದನ್ನು ರೂಢಿ ಮಾಡಿಕೊಂಡಿದ್ದಳು. ಒಮ್ಮೆ ಮಾತ್ರ ಮೇಲಿನ ಕಚೇರಿಗೆ ಹೋದ ಪತ್ರವೊಂದರಲ್ಲಿ "ಮಾನ್ಯರೇ, ಬದನೆಕಾಯಿಯನ್ನು ಸುಟ್ಟು ಸಿಪ್ಪೆ ತೆಗೆದು" ಎಂದು ಸೇರಿಕೊಂಡುಬಿಟ್ಟಿತ್ತು. ಮೇಲಿನವರು ಓದದೆಯೇ ಅದಕ್ಕೂ ಮಂಜೂರಾತಿ ಕೊಟ್ಟಿದ್ದರು.

ಅವಳ ಗಂಡ ಅದೇ ಕಾಂಪೌಂಡಿನ ಇನ್ನೊಂದು ತುದಿಯಲ್ಲಿ, ಪಂಪ್‌ಹೌಸಿನಲ್ಲಿ ಆಪರೇಟರ್. ಅವಳು ಎಲ್ಲರಿಗೂ ಅಕ್ಕನಾದ್ದರಿಂದ ಅವನು ಎಲ್ಲರಿಗೂ ಭಾವ. ವಯಸ್ಸಿನಲ್ಲೂ ಹುದ್ದೆಯಲ್ಲೂ ದೊಡ್ಡವರಾದ ಸಾಹೇಬರು ಕೂಡ "ಭಾವ ಬಂದ್ರಾ?" ಎಂದೇ ಕೇಳುತ್ತಿದ್ದರು. ಆಯುಷ್ಯವನ್ನೆಲ್ಲ ಪಂಪಿನ ಸದ್ದಿನಲ್ಲಿ ಕಳೆದವನಿಗೆ ಮಾತು ದಂಡ ಅನ್ನಿಸಿಹೋಗಿತ್ತು. ಏನು ಕೇಳಿದರೂ ಒಂದು "ಹೂಂ". ಯಾವ ಹೂಂ ಅಂದರೆ ಹೌದು, ಯಾವುದು ಬೇಡ, ಯಾವುದು ಹಸಿವು ಎಂದು ಬಿಡಿಸಿ ಹೇಳಬಲ್ಲವಳು ಭೂಮಿಯ ಮೇಲೆ ಹೆಂಡತಿಯೊಬ್ಬಳೇ. ಹೀಗಾಗಿ ಆ ಸಂಸಾರದಲ್ಲಿ ಜಗಳಕ್ಕೆ ಆಸ್ಪದವೇ ಇರಲಿಲ್ಲ. ಎರಡೂ ಕಡೆಯ ವಾದವನ್ನು ಅವಳೇ ಮಾಡಿ, ಅವಳೇ ಗೆದ್ದು, ಅಡುಗೆಮನೆಗೆ ಹೋಗುತ್ತಿದ್ದಳು.

ಕಚೇರಿಯಲ್ಲಿ ಮಧ್ಯಾಹ್ನದ ಊಟವೆಂದರೆ ನಕ್ಷೆ ಕೋಣೆಯ ಮೇಜು. ಮಂಚದಷ್ಟು ಅಗಲದ ಮೇಜು ಅದು. ಹಾಳೆಗಳನ್ನು ಸುರುಳಿ ಸುತ್ತಿ ಬದಿಗಿಟ್ಟರೆ ಇಡೀ ಕಚೇರಿಯ ಡಬ್ಬಿಗಳು ಅಲ್ಲಿ ಸಾಲಾಗಿ ಕೂರುತ್ತಿದ್ದವು. ಅಲ್ಲಿ ಒಂದೇ ಒಂದು ಕಟ್ಟಳೆ: ಮೊದಲ ತುತ್ತು ಯಾರೂ ಸ್ವಂತ ಡಬ್ಬಿಯಿಂದ ತಿನ್ನಬಾರದು. ಯಾರು ಯಾವಾಗ ಮಾಡಿದ ಕಟ್ಟಳೆಯೋ ಗೊತ್ತಿಲ್ಲ, ಸರ್ಕಾರಿ ನಿಯಮಗಳಲ್ಲಿ ಆ ಕಚೇರಿ ಚಾಚೂ ತಪ್ಪದೆ ಪಾಲಿಸಿದ್ದು ಅದೊಂದನ್ನೇ. ಕ್ಯಾಷಿಯರ್ ಮೇಡಂ ಕೈ ಸಾಹೇಬರ ಡಬ್ಬಿಗೆ, ಸಾಹೇಬರ ಕೈ ಗೇಟಿನ ಮಾಮನ ಡಬ್ಬಿಗೆ, ಮೀಟರು ಓದುವ ಮೀಟರಣ್ಣನ ಕೈ ಎಲ್ಲರ ಡಬ್ಬಿಗೆ. ಗಾಳಿಗೆ ಹಾಳೆ ಹಾರುತ್ತವೆಂದು ಆ ಕೋಣೆಯ ಕಿಟಕಿಗಳಿಗೆ ಸದಾ ಚಿಲಕ. ಒಳಗೆ ಮೀಟರಣ್ಣ ನಕ್ಕರೆ ಹೊರಗಿನ ಕ್ಯೂನಲ್ಲಿ ನಿಂತವರು ಬೆಚ್ಚಿಬೀಳುತ್ತಿದ್ದರು.

ಅಂಥ ದಿನಗಳಲ್ಲಿ ಜ್ವರ ಬಂತು. ಉಸಿರಿನಿಂದ ಉಸಿರಿಗೆ ಹಾಯುವ, ಎದೆಯನ್ನು ಹಿಡಿಯುವ ಹೊಸ ಜ್ವರ. ಶಾಲೆ ಮುಚ್ಚಿತು, ಅಂಗಡಿ ಮುಚ್ಚಿತು, ಕಚೇರಿಗಳೂ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ನೀರಿನ ಕಚೇರಿ ಬಾಗಿಲು ಹಾಕಿಕೊಳ್ಳುವ ಹಾಗಿರಲಿಲ್ಲ. ಎಲ್ಲರೂ ಕೈ ತೊಳೆಯಿರಿ ಎಂದು ಸಾರಿ ಸಾರಿ ಹೇಳುತ್ತಿರುವಾಗ ನೀರನ್ನೇ ನಿಲ್ಲಿಸಿದರೆ ಹೇಗೆ? ಕೆಲಸ ನಡೆಯುವ ಪ್ರತಿ ಕಚೇರಿಯಲ್ಲೂ ಸಿಬ್ಬಂದಿಯ ರಕ್ಷಣೆಗೆಂದು ಒಬ್ಬರನ್ನು ನೇಮಿಸಬೇಕು ಎಂದು ಮೇಲಿನಿಂದ ಆಜ್ಞೆ ಬಂತು. ಆ ದಿನ ಸಭೆಯಲ್ಲಿದ್ದವರೆಲ್ಲ ನೆಲ ನೋಡಿದರು. ನಕ್ಷೆಯಕ್ಕ ಹಲ್ಲು ಕೀಳಿಸಲು ಹೋಗಿದ್ದಳು. ಇಲ್ಲದವಳ ತಲೆಗೆ ಕಟ್ಟುವುದು ಎಲ್ಲಕ್ಕಿಂತ ಸುಲಭ, ಕಟ್ಟಿದರು. ಕೆನ್ನೆಯನ್ನು ಕಡುಬಿನಂತೆ ಊದಿಸಿಕೊಂಡು ಬಂದವಳಿಗೆ ಸಾಹೇಬರು ಸುದ್ದಿ ಹೇಳಿ, "ಏನಾದ್ರೂ ಆಕ್ಷೇಪಣೆ ಇದ್ರೆ ಈಗಲೇ ಹೇಳಿಬಿಡಿ" ಎಂದರು. ಜನ್ಮದಲ್ಲಿ ಮೊದಲ ಬಾರಿಗೆ ಅವಳಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. "ಮೌನ ಅಂದ್ರೆ ಒಪ್ಪಿಗೆ ಅಂತಲೇ ಬರ್ಕೊಳಿ" ಎಂದು ಸಾಹೇಬರು ಟೈಪಿಸ್ಟಿಗೆ ಹೇಳಿ ಎದ್ದುಹೋದರು.

ನಿಜ ಹೇಳಬೇಕೆಂದರೆ ಅವಳ ತಲೆಯಲ್ಲಿ ಆ ಹುದ್ದೆ ಇರಲೇ ಇಲ್ಲ, ಇದ್ದದ್ದು ಗಂಡನ ಎದೆ. ಅವನಿಗೆ ಹಳೆಯ ಉಬ್ಬಸ. ಹಿಂದಿನ ವರ್ಷ ಅದರ ಮೇಲೆ ನ್ಯುಮೋನಿಯಾ ಬಂದು, ಆಸ್ಪತ್ರೆಯಲ್ಲಿ ಮಲಗಿ, ಅರ್ಧ ಆಳಾಗಿ ಮನೆಗೆ ಬಂದಿದ್ದ. ಇನ್ನೊಂದು ಸಲ ಎದೆಗೆ ಹೀಗೇನಾದರೂ ಆದರೆ ತಾವು ಏನೂ ಹೇಳಲಾರೆವು ಎಂದು ಅಲ್ಲಿಯವರು ಅಂದಿದ್ದರು.

ಕೆನ್ನೆ ಇಳಿದ ಸಂಜೆ ಅವಳು ಮಾತು ತೆಗೆದಳು. "ರೀ, ರಜೆ ಹಾಕಿ. ಸಾಹೇಬ್ರೇ ಕೊಡ್ತೀನಿ ಅಂದಿದಾರೆ."

"ಊಹೂಂ."

ಅವಳು ಬೆಪ್ಪಾಗಿ ಗಂಡನ ಮುಖ ನೋಡಿದಳು. ಮದುವೆಯಾದಾಗಿನಿಂದ ಈ ಪದವನ್ನು ಅವನ ಬಾಯಲ್ಲಿ ಕೇಳಿದ್ದೇ ಇಲ್ಲ. "ಏನಂದ್ರಿ?"

"ಪಂಪು ಹಳೇದು. ಅದನ್ನ ನಡೆಸೋಕೆ ಬರೋದು ನಮ್ಮಿಬ್ಬರಿಗೇ. ನಾನು ಮನೇಲಿ ಕೂತ್ರೆ ಇನ್ನೊಬ್ಬ ಒಬ್ಬನೇ ಸಾಯ್ಬೇಕು. ಅವನಿಗೂ ಹೆಂಡ್ತಿ ಇದಾಳೆ."

ಇಷ್ಟುದ್ದ ಮಾತಾಡಿ ದಣಿದವನಂತೆ ಅವನು ನೀರು ಕುಡಿದ. ಅವಳು ಅತ್ತಳು, ಬೈದಳು, ಊಟ ಬೇಡ ಎಂದಳು, ಆಮೇಲೆ ಹಸಿವು ತಡೆಯದೆ ಬಡಿಸಿಕೊಂಡಳು. ಕೊನೆಗೆ ಒಂದು ಷರತ್ತು ಹಾಕಿದಳು. "ಸರಿ. ನಿಮ್ಮನ್ನ ಕಾಯೋ ಕೆಲಸಾನೇ ನನಗೆ ಕೊಟ್ಟಿದಾರೆ, ಕಾಯ್ತೀನಿ. ಆದ್ರೆ ನಮ್ಮ ಕಾಂಪೌಂಡಲ್ಲಿ ಒಬ್ಬರಿಗೆ ಜ್ವರ ಬಂತು ಅಂದ್ರೂ ಸಾಕು, ಅವತ್ತೇ ನೀವು ಮನೆಗೆ ಬಂದು ಕೂರ್ಬೇಕು. ಆಗ ಊಹೂಂ ಅನ್ನೋ ಹಾಗಿಲ್ಲ."

"ಹೂಂ" ಎಂದ. ಅದು ಹೌದಿನ ಹೂಂ. ಅಂದರೆ ಇನ್ನು ಗಂಡನನ್ನು ಉಳಿಸಿಕೊಳ್ಳಬೇಕಾದರೆ ಗೇಟಿನ ಮಾಮನಿಂದ ಹಿಡಿದು ಸಾಹೇಬರ ತನಕ ಎಲ್ಲರನ್ನೂ ಉಳಿಸಿಕೊಳ್ಳಬೇಕು.

ಮರುದಿನದಿಂದ ಅವಳು ಸೆರಗು ಸಿಕ್ಕಿಸಿ ನಿಂತಳು. ಗೇಟಿನಲ್ಲಿ ನಲ್ಲಿ ಹಾಕಿಸಿ ಸೋಪು ಕಟ್ಟಿಸಿದಳು. ಮಾಮ ಕೈ ತೊಳೆಯದವರನ್ನು ಒಳಗೆ ಬಿಡುತ್ತಿರಲಿಲ್ಲ, ಸಾಹೇಬರನ್ನು ಎರಡು ಸಲ ತೊಳೆಸುತ್ತಿದ್ದ, ಹಳೆಯ ಏನೋ ಸಿಟ್ಟು. ಬಣ್ಣ ಬಳಿದು ಬಳಿದು ಅಂಟಿಹೋಗಿದ್ದ ಕಿಟಕಿಗಳನ್ನು ಬಡಗಿ ಕರೆಸಿ ಬಿಡಿಸಿ ತೆರೆಸಿದಳು. ಹಣ ಕಟ್ಟುವ ಕೌಂಟರಿಗೆ ಗಾಜು ಬಂತು. ಕ್ಯಾಷಿಯರ್ ಮೇಡಂ ಗಾಜಿನ ಹಿಂದೆ ಕೂತು, "ನನ್ನನ್ನ ಒಡವೆ ಅಂಗಡೀಲಿ ಇಟ್ಟಂಗಿದೆ, ಯಾರಾದ್ರೂ ರೇಟ್ ಕೇಳ್ತಾರೇನೋ" ಎಂದು ಸಂಭ್ರಮಪಟ್ಟರು. ಮೀಟರಣ್ಣ ಯಾರ ಮನೆಯೊಳಗೂ ಹೋಗಬಾರದು, ಮನೆಯವರೇ ಮೀಟರು ಓದಿ ಗೇಟಿನಾಚೆಗೆ ಕೂಗಿ ಹೇಳಬೇಕು ಎಂದಾಯಿತು. ಒಬ್ಬ ಅಜ್ಜಿ ಕರೆಂಟಿನ ಮೀಟರು ಓದಿ ಹೇಳಿದ್ದಳು. ಆ ಲೆಕ್ಕದಲ್ಲಿ ಅವಳ ಮನೆಯಲ್ಲಿ ಒಂದು ಕೆರೆ ಇರಬೇಕಿತ್ತು. ಪಂಪ್‌ಹೌಸಿನಲ್ಲಿ ಪಾಳಿ ಬದಲಾಗುವಾಗ ಭಾವ ಹಿಂದಿನ ಬಾಗಿಲಿನಿಂದ ಹೊರಟ ಮೇಲೆ, ಒಳಗೆಲ್ಲ ಗಾಳಿಯಾಡಿದ ಮೇಲೆ, ಇನ್ನೊಬ್ಬ ಮುಂದಿನ ಬಾಗಿಲಿನಿಂದ ಬರಬೇಕು. ಎಷ್ಟೋ ವರ್ಷ ಹೆಗಲು ತಾಗಿಸಿ ಬೀಡಿ ಹಂಚಿಕೊಂಡವರು ಈಗ ಅಂಗಳದ ಎರಡು ತುದಿಯಿಂದ ಕೈ ಬೀಸುತ್ತಿದ್ದರು.

ಮಾಸ್ಕಿನದೇ ದೊಡ್ಡ ರಗಳೆ. ಎಲ್ಲರೂ ಹಾಕಿಕೊಳ್ಳುವವರೇ, ಆದರೆ ಅರ್ಧ ಗಂಟೆಯಲ್ಲಿ ಅದು ಮೂಗಿನಿಂದ ಜಾರಿ ಗಲ್ಲಕ್ಕೆ ಬಂದು ಕೂರುತ್ತಿತ್ತು. ಹೇಳಿದರೆ ಮುನಿಸು, ಬೈದರೆ ಜಗಳ. ನಕ್ಷೆಯಕ್ಕ ಬೇರೆ ದಾರಿ ಹುಡುಕಿದಳು. ಯಾರ ಮೂಗು ಕಂಡರೂ ಸುತ್ತಲಿದ್ದವರು ಎದ್ದು ನಿಂತು, ಕೈಮುಗಿದು, "ಓಹೋ, ಮೂಗಪ್ಪನವರು ದಯಮಾಡಿಸಿದರು!" ಎನ್ನಬೇಕು. ಮೊದಲ ದಿನವೇ ಸಾಹೇಬರು ಮೇಲಿನವರೊಂದಿಗೆ ಫೋನಿನಲ್ಲಿ ಮಾತಾಡುತ್ತ ಮೂಗು ಹೊರಗೆ ಹಾಕಿ ಬಂದರು. ಇಡೀ ಕಚೇರಿ ಎದ್ದು ಕೈಮುಗಿಯಿತು. ಸಾಹೇಬರು ಗೌರವವೆಂದು ತಿಳಿದು, ಫೋನು ಕಿವಿಯಲ್ಲಿಟ್ಟುಕೊಂಡೇ ಎಲ್ಲರಿಗೂ ಕೂರುವಂತೆ ಕೈಸನ್ನೆ ಮಾಡಿದರು. ವಿಷಯ ಗೊತ್ತಾದ ಮೇಲೆ ಅವರ ಮಾಸ್ಕು ಎಂದೂ ಜಾರಲಿಲ್ಲ. ಸರ್ಕಾರಿ ನೌಕರ ಆದೇಶಕ್ಕೆ ಜಗ್ಗದಿದ್ದರೂ ಸಹೋದ್ಯೋಗಿಗಳ ನಗೆಗೆ ಜಗ್ಗುತ್ತಾನೆ, ಇದನ್ನು ಮೇಲಿನವರು ಇನ್ನೂ ಕಲಿತಿಲ್ಲ.

ವಾರಗಳು ಹೋದವು. ಸುತ್ತಲಿನ ಕಚೇರಿಗಳಲ್ಲೆಲ್ಲ ಜ್ವರ, ನೀರಿನ ಕಚೇರಿಯಲ್ಲಿ ಒಬ್ಬರಿಗೂ ಇಲ್ಲ. ನಕ್ಷೆಯಕ್ಕ ಎದೆಯುಬ್ಬಿಸಿ ನಡೆಯತೊಡಗಿದಳು. ಅಷ್ಟರಲ್ಲಿ ಒಂದು ಬೆಳಿಗ್ಗೆ ಮೀಟರಣ್ಣ ಬರಲಿಲ್ಲ. ಜ್ವರ ಅವನನ್ನು ಹಿಡಿದು ಆಸ್ಪತ್ರೆಗೆ ಸೇರಿಸಿತ್ತು.

ಆರೋಗ್ಯ ಕೇಂದ್ರದ ಡಾಕ್ಟರಮ್ಮ ತಾವೇ ಬಂದರು. ಗೇಟಿನ ಸೋಪು ನೋಡಿ ತಲೆಯಾಡಿಸಿದರು, ಕಿಟಕಿ ನೋಡಿ ಮೆಚ್ಚಿದರು, ಮೂಗಪ್ಪನ ಕಥೆ ಕೇಳಿ ನಕ್ಕರು. ಆಮೇಲೆ ಕೇಳಿದರು. "ಮಾಸ್ಕ್ ತೆಗೆದು ಎಲ್ಲರೂ ಒಟ್ಟಿಗೆ ಕೂರೋ ಜಾಗ ಯಾವುದಾದ್ರೂ ಇದೆಯಾ?"

"ಇಲ್ಲವೇ ಇಲ್ಲ!" ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳಿದರು. ಹೆಮ್ಮೆಯಿಂದಲೇ ಹೇಳಿದರು.

"ಹಾಗಾದ್ರೆ ಊಟ ಎಲ್ಲಿ ಮಾಡ್ತೀರಿ?"

ಒಬ್ಬೊಬ್ಬರಾಗಿ ನಕ್ಷೆ ಕೋಣೆಯ ಕಡೆ ತಿರುಗಿದರು. ಕಚೇರಿಯ ಕಿಟಕಿಗಳನ್ನೆಲ್ಲ ತೆರೆಸಿದ ನಕ್ಷೆಯಕ್ಕ ತನ್ನ ಕೋಣೆಯದನ್ನು ಮಾತ್ರ ಮುಟ್ಟಿರಲಿಲ್ಲ, ಯಾಕೆಂದರೆ ಹಾಳೆ ಹಾರುತ್ತದೆ. ಬೆಳಿಗ್ಗೆಯಿಂದ ಒಬ್ಬರನ್ನೊಬ್ಬರು ದೂರ ದೂರ ಕೂರಿಸಿ, ಮಧ್ಯಾಹ್ನ ತಾನೇ ಕೈಹಿಡಿದು ಆ ಮುಚ್ಚಿದ ಕೋಣೆಗೆ ಕರೆತಂದು, ಮಾಸ್ಕು ತೆಗೆಸಿ, ಒಬ್ಬರ ಡಬ್ಬಿಗೆ ಇನ್ನೊಬ್ಬರ ಕೈ ಹಾಕಿಸಿ ನಗಿಸಿದ್ದಳು. ಅದು ಯಾರಿಗೂ ತಪ್ಪೆಂದು ಹೊಳೆದಿರಲಿಲ್ಲ. ಮೇಜಿನ ಸುತ್ತ ಕೂತವರು ಅವರವರ ಕಣ್ಣಿಗೆ ಮನೆಯವರು; ಮನೆಯವರಿಂದ ಯಾರಿಗೆ ರೋಗ ಬರುತ್ತದೆ? ಹಿಂದಿನ ದಿನ ಮೀಟರಣ್ಣನ ಡಬ್ಬಿಯಿಂದ ಮೊದಲ ತುತ್ತು ತೆಗೆದವನು ಭಾವ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಊಟದವರೆಲ್ಲ ಕೆಲವು ದಿನ ಒಬ್ಬರಿಂದೊಬ್ಬರು ದೂರವಿದ್ದು, ಗಾಳಿ ಬೆಳಕಿನಲ್ಲಿ ಕೆಲಸ ಮಾಡಲಿ, ಯಾರಿಗೆ ಸ್ವಲ್ಪ ಮೈ ಬೆಚ್ಚಗಾದರೂ ತನಗೆ ಹೇಳಲಿ ಎಂದರು.

ಅಂಗಳದಲ್ಲಿ ನಕ್ಷೆಯಕ್ಕ ಗಂಡನನ್ನು ದೂರದಿಂದಲೇ ಹಿಡಿದಳು. "ರೀ, ಷರತ್ತು! ನಡೀರಿ ಮನೆಗೆ!"

"ಮನೇಲಿ ಯಾರಿರ್ತಾರೆ?" ಎಂದು ಅವನು ಕೇಳಿದ.

"ಇನ್ಯಾರು, ನಾನು!"

"ನೀನೂ ಅದೇ ಮೇಜಲ್ಲಿ ಉಂಡವಳು."

ಜ್ವರ ಯಾರೊಳಗಿದೆಯೋ ಗೊತ್ತಿಲ್ಲ. ಮನೆಯಲ್ಲಿ ಇಬ್ಬರೂ ಒಟ್ಟಿಗಿದ್ದರೆ ಅವಳಿಂದಲೇ ಅವನಿಗೆ ಅಂಟಬಹುದು. ಇನ್ನೊಬ್ಬ ಆಪರೇಟರು ಬೇರೆ ಪಾಳಿಯವನಾದ್ದರಿಂದ ಆ ಮೇಜಿನ ಹತ್ತಿರ ಸುಳಿದವನಲ್ಲ, ಅವನನ್ನು ಈಗ ಭಾವನ ಹತ್ತಿರ ತರುವುದೂ ತಪ್ಪು. ಮುಂದೆ ಪಂಪಿಗೆ ಬೇಕಾದೀತೆಂದು ಆ ಇನ್ನೊಬ್ಬನನ್ನು ಅವನ ಮನೆಯಲ್ಲೇ ಜೋಪಾನವಾಗಿ ಇಡಬೇಕು. ಎಲ್ಲ ಕೂಡಿ ಕಳೆದು ಉಳಿದದ್ದು ಒಂದೇ. ಪಂಪ್‌ಹೌಸಿನ ಪಕ್ಕದ ಕೋಣೆಯಲ್ಲಿ ಮಂಚವಿತ್ತು, ಬಚ್ಚಲಿತ್ತು. ಭಾವ ಒಬ್ಬನೇ ಅಲ್ಲಿರುವುದು, ಒಬ್ಬನೇ ಪಂಪು ನಡೆಸುವುದು. "ಹೂಂ" ಎಂದು ಅವನು ಒಳಗೆ ಹೋದ. ಅದು ಗೆದ್ದವನ ಹೂಂ, ಅವಳು ಹಿಂದೆಂದೂ ಕೇಳದ್ದು.

ಮೇಜಿನ ಊಟಕ್ಕೆ ನಿಷೇಧ ಬಿತ್ತು. ಕಚೇರಿಯ ಜೀವವೇ ಹೋಯಿತು. ಎರಡು ದಿನ ಡಬ್ಬಿಗಳು ಅರ್ಧ ಉಳಿದೇ ಮನೆಗೆ ಹೋದವು. ಮೂರನೆಯ ದಿನ ನಕ್ಷೆಯಕ್ಕ ಕಾಗದ ತರಲೆಂದು ದಾಸ್ತಾನು ಕೋಣೆಯ ಬಾಗಿಲು ತಳ್ಳಿದರೆ, ಕ್ಯಾಷಿಯರ್ ಮೇಡಮ್ಮೂ ಟೈಪಿಸ್ಟೂ ಕಾಗದದ ಕಟ್ಟುಗಳ ಮೇಲೆ ಕೂತು ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು. ಅಲ್ಲಿ ಕಿಟಕಿಯೇ ಇಲ್ಲ. ಅವರನ್ನು ಹೊರಗಟ್ಟಿ ಅಂಗಳಕ್ಕೆ ಬಂದರೆ ನಿಂತ ಜೀಪಿನ ಗಾಜಿಗೆಲ್ಲ ಹಬೆ. ಒಳಗೆ ಗೇಟಿನ ಮಾಮ, ಅವನ ಪಕ್ಕದಲ್ಲಿ ಬಾಯಿ ತುಂಬ ತುತ್ತು ತುಂಬಿಕೊಂಡ ಸಾಹೇಬರು. ಸಾಹೇಬರು ಅವಳನ್ನು ನೋಡಿ, ಏನು ಮಾಡಲೂ ತೋಚದೆ, ಮಾಸ್ಕನ್ನು ಬೇಗ ಬೇಗ ಮೇಲಕ್ಕೆಳೆದುಕೊಂಡು ಅದರೊಳಗೇ ಅಗಿದರು.

ಆಗ ಅವಳಿಗೆ ಬುದ್ಧಿ ಬಂತು. ಈ ಜನ ಒಟ್ಟಿಗೆ ಉಣ್ಣದೆ ಇರಲಾರರು. ಬೇಡ ಎಂದರೆ ಬಚ್ಚಿಟ್ಟುಕೊಂಡು ಉಣ್ಣುತ್ತಾರೆ, ಬಚ್ಚಿಟ್ಟುಕೊಳ್ಳುವ ಜಾಗವೆಲ್ಲ ಗಾಳಿಯಿಲ್ಲದ ಜಾಗ. "ಎಲ್ಲರೂ ಕುರ್ಚಿ ಎತ್ಕೊಂಡು ಹೊರಗೆ ಬನ್ನಿ!" ಎಂದು ಅಂಗಳದ ನಡುವೆ ನಿಂತು ಕೂಗಿದಳು. ನೀರಿನ ದೊಡ್ಡ ಟ್ಯಾಂಕಿನ ಕೆಳಗೆ ಒಳ್ಳೆಯ ನೆರಳಿತ್ತು. ಒಬ್ಬರ ಕೈ ಇನ್ನೊಬ್ಬರ ಡಬ್ಬಿಗೆ ಎಟುಕದಷ್ಟು ದೂರ ದೂರ ಕುರ್ಚಿ ಹಾಕಿಸಿದಳು. ಆ ತುದಿಯಲ್ಲಿ ಪಂಪ್‌ಹೌಸಿನ ಬಾಗಿಲ ಮೆಟ್ಟಿಲ ಮೇಲೆ ಭಾವ. ಬೆಳಿಗ್ಗೆ ಅವಳು ಅಂಗಳದ ಮಧ್ಯದ ಸ್ಟೂಲಿನ ಮೇಲೆ ಡಬ್ಬಿ ಇಟ್ಟು ಹಿಂದೆ ಸರಿದರೆ ಅವನು ಬಂದು ಎತ್ತಿಕೊಂಡು ಹೋಗುತ್ತಿದ್ದ.

ಎಲ್ಲರೂ ಮುಚ್ಚಳ ತೆಗೆದರು, ಯಾರೂ ತಿನ್ನಲಿಲ್ಲ. "ಅಕ್ಕ, ಸ್ವಂತ ಡಬ್ಬೀದು ಗಂಟಲಲ್ಲಿ ಇಳೀತಿಲ್ಲ" ಎಂದಳು ಟೈಪಿಸ್ಟ್. ಕಣ್ಣಲ್ಲಿ ನೀರೇ ಬಂದಿತ್ತು ಅವಳಿಗೆ.

"ಹಾಗಾದ್ರೆ ನನ್ನದನ್ನ ಕಿವೀಲಿ ತಿನ್ನು" ಎಂದು ನಕ್ಷೆಯಕ್ಕ ಶುರುಮಾಡಿಯೇಬಿಟ್ಟಳು. ಆಲೂಗಡ್ಡೆಯನ್ನು ಹೇಗೆ ಹೆಚ್ಚಿದೆ, ಒಗ್ಗರಣೆ ಹೇಗೆ ಚಟಪಟ ಅಂದಿತು, ತಳದಲ್ಲಿ ಹೇಗೆ ಒಂದಿಷ್ಟು ಕೆಂಪಗೆ ಹತ್ತಿಕೊಂಡಿತು, ಅದನ್ನು ಸೌಟಿನಿಂದ ಕೆರೆದಾಗ ಯಾವ ವಾಸನೆ ಎದ್ದಿತು. ಹೇಳಿ ಮುಗಿಸುವ ಹೊತ್ತಿಗೆ ಎಲ್ಲರೂ ಉಗುಳು ನುಂಗುತ್ತಿದ್ದರು. ಅಂದಿನಿಂದ ಹೊಸ ಕಟ್ಟಳೆ: ಇನ್ನೊಬ್ಬರ ಡಬ್ಬಿಯನ್ನು ಕಿವಿತುಂಬ ಉಂಡ ಮೇಲೆಯೇ ತನ್ನ ಡಬ್ಬಿಗೆ ಕೈ. ಅದಕ್ಕೆ ಕಿವಿಯೂಟ ಎಂದು ಹೆಸರಾಯಿತು. ಸಾಹೇಬರ ಸರದಿ ಬಂದಾಗ ಅವರು ಡಬ್ಬಿಯನ್ನು ಬಗ್ಗಿ ನೋಡಿ, "ಹಸಿರಾಗಿದೆ" ಎಂದರು. ಇನ್ನೂ ಬಗ್ಗಿ, "ತುಂಬ ಹಸಿರಾಗಿದೆ" ಎಂದರು. ಇಷ್ಟು ವರ್ಷ ಹೆಂಡತಿ ಏನು ಕಟ್ಟಿಕೊಡುತ್ತಾಳೆಂದು ಅವರಿಗೆ ಗೊತ್ತೇ ಇರಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಹೋಗಿ ನಿಂತು ಕೇಳಿ ತಿಳಿದುಕೊಂಡು ಬಂದರು. ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿ ನೋಡಿದರಂತೆ.

ಭಾವ ಮೊದಲ ದಿನ ಮುಚ್ಚಳ ತೆಗೆದು, ಪಂಪಿನ ಸದ್ದಿನ ಮೇಲೆ ಕೂಗಿದ. "ಅನ್ನ ಇದೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಎರಡು ಮಾತಾಯಿತು. ಆಮೇಲಿನ ದಿನ ಅವನು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ಯೋಚಿಸಿ, ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದ. "ಬೆಂಡೆಕಾಯಿ. ಗರಿಗರಿ. ಲೋಳೆ ಒಂಚೂರೂ ಇಲ್ಲ. ಇವಳು ಮಾಡೋದು ಯಾವಾಗ್ಲೂ ಹೀಗೇ, ಬೇರೆ ಯಾರ ಮನೇಲೂ ನಾನು ಇಂಥದ್ದು ತಿಂದಿಲ್ಲ!"

ನಕ್ಷೆಯಕ್ಕನ ಮುಖ ಕೆಂಪಾಯಿತು. ಅಷ್ಟು ವರ್ಷದ ಅಡುಗೆಗೆಲ್ಲ ಒಂದೊಂದು ಹೂಂ ಪಡೆದವಳಿಗೆ ಈಗ ಒಟ್ಟಿಗೆ ಬಾಕಿ ಸಂದಾಯವಾಗುತ್ತಿತ್ತು, ಅದೂ ಎಲ್ಲರ ಮುಂದೆ. ಕ್ಯಾಷಿಯರ್ ಮೇಡಂ "ಅಕ್ಕ ನಾಚ್ಕೊಂಡ್ರು, ಅಕ್ಕ ನಾಚ್ಕೊಂಡ್ರು" ಎಂದು ಕುರ್ಚಿಯಲ್ಲೇ ಕುಣಿದರು. ಆ ದಿನವೇ ಮೀಟರಣ್ಣ ಹುಷಾರಾಗುತ್ತಿದ್ದಾನೆ ಎಂಬ ಸುದ್ದಿಯೂ ಬಂತು. ಆಸ್ಪತ್ರೆಯಿಂದ ಫೋನಿನಲ್ಲೇ ನಕ್ಕನಂತೆ, ಪಕ್ಕದ ಹಾಸಿಗೆಯವರು ದೂರು ಕೊಟ್ಟರಂತೆ.

ಹಗಲೆಲ್ಲ ಹೀಗೆ ಕಳೆಯುತ್ತಿತ್ತು. ಸಂಜೆ ಮನೆಗೆ ಹೊರಟಾಗ ಮಾತ್ರ ಅವಳ ಕಾಲು ಏಳುತ್ತಿರಲಿಲ್ಲ. ಒಬ್ಬಳೇ ಮನೆಯಲ್ಲಿ ಕೂತು, ಅವನಿಗೆ ಜ್ವರ ಬಂದರೆ ಅದು ತನ್ನ ಮೇಜಿನಿಂದಲೇ ಬಂದದ್ದು ಎಂದುಕೊಂಡು ಹೆದರುತ್ತಿದ್ದಳು. ಬೆಳಿಗ್ಗೆ ಗೇಟಿನ ಹತ್ತಿರ ಬರುವಾಗ ಅಂಗಾಲಿಗೆ ಪಂಪಿನ ನಡುಕ ತಾಗಿತೋ, ಜೀವ ಬರುತ್ತಿತ್ತು.

ಡಾಕ್ಟರಮ್ಮ ಹೇಳಿದ ದಿನಗಳು ಇನ್ನೇನು ಮುಗಿಯಬೇಕು, ಅಂಥ ಒಂದು ಬೆಳಿಗ್ಗೆ ನೆಲ ನಡುಗಲಿಲ್ಲ. ಗೇಟಿನ ಮಾಮ ಅವಳನ್ನು ನೋಡಿ ಎದ್ದು ನಿಂತ. "ಇನ್ನೂ ಪಂಪ್ ಹಾಕಿಲ್ಲಮ್ಮ. ಕೂಗಿದ್ರೆ ಉತ್ತರಾನೂ ಇಲ್ಲ."

ಅವಳು ಓಡಿದಳು. ಬಾಗಿಲು ಒಳಗಿನಿಂದ ಹಾಕಿರಲಿಲ್ಲ, ಸುಮ್ಮನೆ ಮುಚ್ಚಿತ್ತು. ಅದರಾಚೆ ಅವಳಿಗೆ ಚೆನ್ನಾಗಿ ಗೊತ್ತಿದ್ದ ಸದ್ದು: ಸೀಟಿ ಊದಿದಂತೆ ಎಳೆಯುವ ಉಸಿರು. ಅವಳ ಕೈ ಬಾಗಿಲ ಮೇಲೆ ಹೋಯಿತು.

"ಒಳಗೆ... ಬರಬೇಡ!"

ಕೈ ಅಲ್ಲೇ ನಿಂತಿತು. ಒಂದು ತಳ್ಳು ತಳ್ಳಿದರೆ ಅವಳು ಅವನ ಹತ್ತಿರ. ಆದರೆ ಒಳಗಿರುವುದು ಜ್ವರವಾದರೆ ಅದು ಅವಳ ಜೊತೆ ಟ್ಯಾಂಕಿನ ನೆರಳಿಗೆ ಬರುತ್ತದೆ, ಅಲ್ಲಿಂದ ಮನೆಮನೆಗೆ ಹೋಗುತ್ತದೆ. ಎಲ್ಲರಿಗೂ ಬೇಡ ಎಂದು ಹೇಳಿದವಳು ಅವಳೇ. ಹೆಂಡತಿಯ ಕೈಯನ್ನು ಬಾಗಿಲಿನಿಂದ ತೆಗೆಯುವುದು ಎಷ್ಟು ಕಷ್ಟ ಎಂಬುದು ತೆಗೆದವರಿಗೇ ಗೊತ್ತು. ಅವಳು ತೆಗೆದಳು. "ಮಾಮ, ಡಾಕ್ಟರಮ್ಮಂಗೆ ಫೋನ್ ಮಾಡಿ!" ಎಂದು ಕಿರುಚಿ, ತೆರೆದ ಕಿಟಕಿಯಿಂದ ನಾಲ್ಕು ಹೆಜ್ಜೆ ಆಚೆ, ಅವನಿಗೆ ದನಿ ಕೇಳುವ ಹಾಗೆ ನೆಲದ ಮೇಲೆ ಕೂತುಬಿಟ್ಟಳು.

"ರೀ, ಉಬ್ಬಸದ ಪಂಪು ತಗೊಂಡ್ರಾ?"

"ಹೂಂ."

ಅದು ಹೆದರಿದವನ ಹೂಂ. ಹೆದರಿದಷ್ಟೂ ಉಸಿರು ಬಿಗಿಯುತ್ತದೆಂದು ಅವಳಿಗೆ ಗೊತ್ತಿತ್ತು. ತನಗೆ ಬರುವ ಒಂದೇ ಕೆಲಸ ಶುರುಮಾಡಿದಳು.

"ಕೇಳಿಸ್ಕೊಳಿ. ಒಲೆ ಹಚ್ಚಿದೆ. ಬಾಣಲೆ ಇಟ್ಟೆ. ಎಣ್ಣೆ ಬಿಟ್ಟೆ. ಕಾಯಲಿ, ಅವಸರ ಏನಿಲ್ಲ. ಉಸಿರು ಬಿಡಿ... ಹಾಂ, ಪೂರ್ತಿ ಬಿಡಿ. ಈಗ ಈರುಳ್ಳಿ. ಸಣ್ಣಗೆ ಹೆಚ್ಚಿದೀನಿ. ಒಂದು ಹಿಡಿ ಹಾಕಿದೆ. ಸುಂಯ್ ಅಂತಿದೆ, ಕೇಳಿಸ್ತಾ? ತಗೊಳಿ ಉಸಿರು. ಬಿಡಿ. ತಿರುಗಿಸ್ತಾ ಇದೀನಿ. ಇನ್ನೂ ಬೆಳ್ಳಗಿದೆ. ನಿಧಾನ, ಈರುಳ್ಳೀನ ಯಾರೂ ಅಟ್ಟಿಸ್ಕೊಂಡು ಹೋಗೋ ಹಾಗಿಲ್ಲ. ಬಿಡಿ ಉಸಿರು..."

ಲೋಕದಲ್ಲಿ ಅಷ್ಟು ನಿಧಾನವಾಗಿ ಯಾರೂ ಈರುಳ್ಳಿ ಹುರಿದಿಲ್ಲ. ಗೇಟಿನ ಹತ್ತಿರ ಕಚೇರಿಯವರೆಲ್ಲ ಬಂದು ನಿಂತಿದ್ದರು. ಒಳಗಿನ ಸೀಟಿ ಸದ್ದು ಮೊದಲು ಅವಳ ಮಾತಿಗಿಂತ ಮುಂದೆ ಓಡುತ್ತಿತ್ತು. ಬರಬರುತ್ತ ಮಾತಿನ ಜೊತೆಗೆ ಬಂತು. ಆಮೇಲೆ ಅವಳ ಸೌಟು ತಿರುಗಿದಂತೆ ತಿರುಗತೊಡಗಿತು. "ಅಂಚು ಕೆಂಪಗಾಯ್ತು ನೋಡ್ರಿ. ಇನ್ನೊಂಚೂರು..." ಎನ್ನುವಾಗ ಡಾಕ್ಟರಮ್ಮನ ಗಾಡಿ ಬಂತು. ಅವರು ಮೈತುಂಬ ಕವಚ ತೊಟ್ಟು ಒಳಗೆ ಹೋದರು, ಅವಳನ್ನು ಗೇಟಿನ ಕಡೆಗೆ ಕಳಿಸಿದರು.

ಎಷ್ಟೋ ಹೊತ್ತಿನ ಮೇಲೆ ನೆಲ ನಡುಗಿತು. ಡಾಕ್ಟರಮ್ಮ ಹೊರಗೆ ಬಂದವರೇ, "ಎಂಥ ಮನುಷ್ಯ ಅವರು! ಉಸಿರು ಸರಿಯಾಯ್ತೋ ಇಲ್ವೋ, ನಾನು ಬೇಡ ಅನ್ನೋಷ್ಟರಲ್ಲಿ ಎದ್ದು ಸ್ವಿಚ್ ಹಾಕಿದ್ರು" ಎಂದರು. ಆಮೇಲೆ ದನಿ ಇಳಿಸಿದರು. "ಸದ್ಯಕ್ಕೆ ಪರವಾಗಿಲ್ಲ. ಬರೀ ಉಬ್ಬಸ ಇರಬಹುದು, ಆ ಜ್ವರಾನೂ ಇರಬಹುದು. ಪರೀಕ್ಷೆಗೆ ತಗೊಂಡಿದೀನಿ. ನಾಳೆ ಗೊತ್ತಾಗುತ್ತೆ."

ಆ ರಾತ್ರಿಯನ್ನು ಅವಳು ಹೇಗೋ ಕಳೆದಳು. ಮರುದಿನ ಮಧ್ಯಾಹ್ನ ಟ್ಯಾಂಕಿನ ನೆರಳಿನಲ್ಲಿ ಕುರ್ಚಿಗಳು ತುಂಬಿದವು, ಡಬ್ಬಿಗಳು ತೆರೆದವು, ಎಲ್ಲರ ಕಣ್ಣು ಗೇಟಿನ ಮೇಲೆ. ಭಾವ ಮೆಟ್ಟಿಲ ಮೇಲೆ ಬಂದು ಕೂತಿದ್ದ, ಮುಖ ಬಿಳಿಚಿತ್ತು. ಡಾಕ್ಟರಮ್ಮ ಫೋನು ಮಾಡಬಹುದಿತ್ತು, ಮಾಡಲಿಲ್ಲ. ತಾವೇ ಬಂದರು. ಮಾಮ ಅವರಿಗೂ ಕೈ ತೊಳೆಸಿದ. ಅಷ್ಟು ಹೊತ್ತನ್ನು ಸಹಿಸುವಷ್ಟರಲ್ಲಿ ನಕ್ಷೆಯಕ್ಕನಿಗೆ ಸಾಕುಬೇಕಾಯಿತು.

"ಜ್ವರ ಇಲ್ಲ" ಎಂದರು ಡಾಕ್ಟರಮ್ಮ. "ಬರೀ ಧೂಳು. ಹೆಂಡ್ತಿ ಬಂದು ಕೋಣೆ ನೋಡಿದ್ರೆ ಬೈತಾಳೆ ಅಂತ ಬೆಳಿಗ್ಗೇನೇ ಎದ್ದು ಗುಡಿಸಿದಾರೆ ಪುಣ್ಯಾತ್ಮರು. ಉಳಿದವರದ್ದೂ ದಿನ ಮುಗೀತು, ಎಲ್ಲರೂ ಗೆದ್ರಿ!"

ಅಂಗಳದಲ್ಲಿ ಹೋ ಎಂದು ಸದ್ದೆದ್ದಿತು. ಟೈಪಿಸ್ಟ್ ಅಳುತ್ತಿದ್ದಳು, ಕ್ಯಾಷಿಯರ್ ಮೇಡಂ ಡಬ್ಬಿಯ ಮುಚ್ಚಳಗಳನ್ನು ಒಂದಕ್ಕೊಂದು ಬಡಿಯುತ್ತಿದ್ದರು, ಸಾಹೇಬರು ಗೇಟಿನ ಮಾಮನ ಕಡೆ ತಿರುಗಿ ಅಪ್ಪಿಕೊಳ್ಳಲೆಂದು ತೋಳು ಚಾಚಿ, ನೆನಪಾಗಿ, ಟ್ಯಾಂಕಿನ ಕಂಬವನ್ನು ಅಪ್ಪಿಕೊಂಡರು. ನಕ್ಷೆಯಕ್ಕ ಮಾತ್ರ ಕುರ್ಚಿಯಲ್ಲಿ ಕೂತೇ ಇದ್ದಳು. ಹೇಳಬೇಕಾದ್ದು ಬೆಟ್ಟದಷ್ಟಿತ್ತು, ಒಂದು ಪದವೂ ಹೊರಗೆ ಬರಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಅವಳ ಕಡೆ ತಿರುಗಿದರು.

ಆಗ ಆ ತುದಿಯ ಮೆಟ್ಟಿಲಿನಿಂದ ದನಿ ಬಂತು.

"ಲೇ ಇವಳೇ! ನಿನ್ನೆ ಈರುಳ್ಳಿ ಕೆಂಪಗಾಯ್ತು ಅಂದೆ. ಅಷ್ಟಕ್ಕೇ ಬಿಟ್ಟುಹೋದೆ. ಆಮೇಲೆ ಏನು ಹಾಕಿದೆ?"

ಅವಳು ತಲೆಯೆತ್ತಿದಳು.

"ರಾತ್ರಿಯೆಲ್ಲ ಅದೇ ಯೋಚನೆ. ಉಸಿರು ಸಿಕ್ಕಿಕೊಂಡಾಗೆಲ್ಲ ಅಂದ್ಕೊಂಡೆ, ಪೂರ್ತಿ ಕೇಳದೆ ಹೋಗೋ ಹಾಗಿಲ್ಲ ಅಂತ. ಹೇಳು, ಏನು ಹಾಕಿದೆ?"

ನಕ್ಷೆಯಕ್ಕ ಎದ್ದು ನಿಂತಳು. ಕಣ್ಣೀರು ಮಾಸ್ಕಿನೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಟೊಮೇಟೊ!" ಎಂದು ಆ ತುದಿಗೆ ಕೇಳುವಂತೆ ಕೂಗಿದಳು. "ಮೂರು ಟೊಮೇಟೊ, ಚೆನ್ನಾಗಿ ಹಣ್ಣಾಗಿರೋದು!" ಅಲ್ಲಿಂದ ಮುಂದಕ್ಕೆ ಉಪ್ಪು, ಖಾರ, ಕೊನೆಯ ಕುದಿ, ಮೇಲಿನ ಸೊಪ್ಪು ಎಲ್ಲವನ್ನೂ ಅಳುತ್ತ ನಗುತ್ತ ಹೇಳಿ ಮುಗಿಸಿ, ಇಳಿಸಿ, ಬಡಿಸಿದಳು. ಅವನು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದ. ಆಮೇಲೆ ಡಬ್ಬಿಗೆ ಕೈಹಾಕಿ ಊಟ ಶುರುಮಾಡಿದ.